ಕೊಡುಗೆಯ ಕೈ

ರಾಚವ್ವ ತನ್ನ ಸ್ಟೀಲಿನ ಬಲಗೈಯನ್ನು ತಿರುವಿ ಕಳಚಿ ಕೌಂಟರಿನ ಮೇಲಿಟ್ಟಳು. ಐವತ್ತು ದಾಟಿ ಕೈ ಸವೆದವರಿಗೆಲ್ಲ ಸ್ಟೀಲಿನ ಕೈ ಕೊಡುವ ಕಚೇರಿ ಅದು.

“ಮೂರು ತಿಂಗಳಿಗೇ ತುಕ್ಕು ಹಿಡದೈತ್ರಿ. ಈ ಕೈ ಹಾಕ್ಕೊಂಡು ಕೆಲಸಕ್ಕ ಬರಬ್ಯಾಡ ಅಂದಾರ ಉಪ್ಪಿನಕಾಯಿ ಕಾರ್ಖಾನಿಯವರು.”

ಗುಮಾಸ್ತ ಸಂಕಣ್ಣ ಕೈಯನ್ನು ಮುಟ್ಟಲೂ ಇಲ್ಲ. “ದಿನಾ ಉಪ್ಪಿನಾಗ ಕೈ ಇಟ್ರ ಇನ್ನೇನ್ ಆಗತೈತವ್ವಾ?”

“ನಮ್ಮಕ್ಕನ ಸ್ಟೀಲಿನ ಕೈನೂ ಅದ ಉಪ್ಪಿನಾಗ ಹತ್ತು ವರ್ಷ ಆತು, ಹಂಗ ಹೊಳೀತೈತಿ. ಅಕಿ ಕೈ ಮ್ಯಾಲೆ ಯಾರ ಹೆಸರೂ ಇಲ್ಲ.”

ರಾಚವ್ವನ ಕೈಗೆ ಹೆಸರಿತ್ತು. ಹಂಚುವ ಸಮಾರಂಭದ ದಿನ, ಮದುವೆಯ ಪಾತ್ರೆಗೆ ಕೊರೆಸುವ ಹಾಗೆ, ದಾನಿ ಚೆನ್ನವೀರಗೌಡರ ಹೆಸರನ್ನು ವೇದಿಕೆಯ ಮೇಲೆಯೇ ಕಬ್ಬಿಣದ ಮೊನೆಯಿಂದ ಮುಂಗೈ ಮೇಲೆ ಕೊರೆಸಿದ್ದರು.

“ತುಕ್ಕು ಹಿಡೀಬಾರದಂತ ಆಸಿಡ್‌ನಾಗ ಅದ್ದಿ ತಗದೀವಿ, ಇನ್ನ ಗೀರಬ್ಯಾಡ್ರಿ, ಗೀರಿದ್ರ ತಿರುಗಿ ಅದ್ದಬೇಕು ಅಂತ ಕೈ ಮಾಡಿದವರು ಬಡಕೊಂಡ್ರು. ಗೌಡರಿಗೆ ಫೋಟೋದ ಅವಸರ ಇತ್ತು. ಈಗ ಈ ಹೆಸರು ಉಜ್ಜಿ ತಗದು ಮತ್ತ ಅದ್ದಿ ಕೊಡ್ರಿ.”

“ದಾನಿಗಳ ಹೆಸರು ಅಳಸಾಕ ಬರೂದಿಲ್ಲ.” ಸಂಕಣ್ಣ ಒಂದು ಅರ್ಜಿ ಮುಂದೆ ಸರಿಸಿದ. “ಇಲ್ಲಿ, ತುಕ್ಕಿಗೆ ಕಾರಣ ಅಂತ ಐತಲ್ಲ, ನನ್ನ ತಪ್ಪು ಅಂತ ಬರದು ಕೊಡು. ಹೊಸಾ ಕೈ ಬಂದಾಗ ನೋಡೂಣು.”

ರಾಚವ್ವ ಅವನ ಮುಂದಿದ್ದ ಲೋಟದ ನೀರನ್ನು ಸ್ಟೀಲಿನ ಕೈ ಮೇಲೆ ಸುರಿದಳು. ಅದನ್ನು ಬೋರಲು ಮಾಡಿ ಅರ್ಜಿಯ ಆ ಖಾಲಿ ಜಾಗದ ಮೇಲೆ ಬಲವಾಗಿ ಒತ್ತಿದಳು. ಎತ್ತಿದಾಗ ಕಾಗದದ ಮೇಲೆ ಗೌಡರ ಹೆಸರು ತಿರುವುಮುರುವಾಗಿ, ತುಕ್ಕಿನ ಕಂದು ಬಣ್ಣದಲ್ಲಿ ಮೂಡಿತ್ತು.

“ಕಾರಣ ಬರದೀನ್ರಿ,” ಎಂದಳು. “ಕಚೇರಿ ಸಿಕ್ಕಾ ಹಾಕ್ರಿ.”