ಒಣಮೀನಿನ ಬುಟ್ಟಿ

ಬುಟ್ಟಿ ಬಸ್ಸಿನೊಳಗೆ ಬಂದದ್ದೇ ತಡ, ಲಕ್ಷ್ಮೀನರಸಿಂಹ ಮೂಗಿಗೆ ಕರವಸ್ತ್ರ ಒತ್ತಿಕೊಂಡ. ಒಣಮೀನು. ಹೊತ್ತು ತಂದ ಬೆಟ್ಟಮ್ಮ ಹುಣಸೂರು ಸಂತೆಯ ಧೂಳು ಕೊಡವಿ, ಬುಟ್ಟಿಯನ್ನು ಅವನ ಕಾಲಿಗೆ ತಾಗಿಸಿಟ್ಟು, ಪಕ್ಕದಲ್ಲೇ ಕುಕ್ಕರಿಸಿದಳು.

"ಮೈಸೂರಿನವರೆಗೂ ಇದೇ ಗತಿಯೇನಮ್ಮ?"

"ಕುಂಬಾರಕೊಪ್ಪಲಲ್ಲಿ ಮಾರೋ ಮೀನು, ಬುದ್ಧಿ. ನಿಮ್ಮನ್ನೇನು ತಿನ್ನಿ ಅಂದ್ನಾ?"

ಅಕ್ಕಪಕ್ಕದವರು ನಕ್ಕರು. ಅವನಿಗೆ ನಗು ಬರಲಿಲ್ಲ. ಅದನ್ನು ಬಸ್ಸು ಎಂದು ಕರೆಯುವುದು ವಾಡಿಕೆ, ಅಷ್ಟೆ. ಕಿಟಕಿಯ ಕೆಳಗೆ ಎಲೆಯಡಿಕೆಯ ಉಗುಳು ಒಣಗಿ ಪದರಗಟ್ಟಿತ್ತು. ಮುಂದಿನ ಸೀಟಿನ ಕೂಸು ಬಿಳಿಕೆರೆ ಬರುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿತು. ಯಾರದೋ ಕೋಳಿ ಯಾರದೋ ಅಕ್ಕಿಮೂಟೆಯ ಮೇಲೆ ಹಿಕ್ಕೆ ಹಾಕಿತು.

ಇಳಿದು ಹೋಗುವಂತಿರಲಿಲ್ಲ. ಪಂಚೆ, ಷರಟು ತೊಟ್ಟಿದ್ದರೂ ಅವನು ಅರಣ್ಯದ ಗಾರ್ಡು. ಕದ್ದ ಗಂಧದ ಮರ ಈ ಬಸ್ಸಿನಲ್ಲೇ ಮೈಸೂರಿಗೆ ಬರುತ್ತದೆಂದು ಸುಳಿವು ಸಿಕ್ಕಿತ್ತು. ಹೋದ ತಿಂಗಳು ಒಂದು ಮೂಟೆ ಅವನ ಕಣ್ಣೆದುರೇ ದಾಟಿಹೋಗಿತ್ತು. "ಇನ್ನೊಂದ್ಸಲ ಹೀಗಾದ್ರೆ ಖಾಕಿ ಬಿಚ್ಚಿಟ್ಟು ಮನೆಗೆ ಹೋಗು" ಎಂದಿದ್ದರು ರೇಂಜರ್ ಮಹದೇವಯ್ಯ. ಆ ಖಾಕಿಯಿಂದಲೇ ತಾಯಿಯೂ ಇಬ್ಬರು ತಂಗಿಯರೂ ಊಟ ಮಾಡುತ್ತಿದ್ದರು.

ಗಂಧದ ವಾಸನೆ ಮುಚ್ಚಲು ಒಣಮೀನಿಗಿಂತ ಒಳ್ಳೆಯದು ಇನ್ನೇನಿದೆ? ಕಳ್ಳಿ ಸಿಕ್ಕಿದಳು ಎಂದುಕೊಂಡ. ಹಿನಕಲ್‌ನ ತಪಾಸಣೆ ಗೇಟಿನವರೆಗೆ ಸುಮ್ಮನಿದ್ದರಾಯಿತು. ಆದರೆ ಅಲ್ಲಿಯವರೆಗೆ ಉಸಿರಾಡಬೇಕಲ್ಲ. ಹಿಂದೆ ಒಂದು ಜಾಗ ಖಾಲಿ ಕಂಡು ಎದ್ದುಹೋದ. ಖಾಲಿ ಏಕೆಂಬುದು ಹತ್ತಿರ ಹೋದ ಮೇಲೆ ತಿಳಿಯಿತು.

"ನಾನು ಸೂತಕದವನು. ನೋಡಿ ಕೂತ್ಕೊಳ್ಳಿ" ಎಂದರು ಕಿಟಕಿಯ ಪಕ್ಕದ ಹಿರಿಯರು.

ತಲೆ, ಮೀಸೆ ಬೋಳಿಸಿತ್ತು. ಹಣೆ ಬರಿದು. ತೊಡೆಯ ಮೇಲಿನ ದೊಡ್ಡ ಬಟ್ಟೆಚೀಲದ ಬಾಯಲ್ಲಿ, ಬಿಳಿ ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆ. ಹೆಸರು ಸದಾಶಿವ ಜೋಯಿಸ. ಕುಡಿಕೆಯಲ್ಲಿ ತಾಯಿಯ ಅಸ್ಥಿ, ಚೀಲದಲ್ಲಿ ಕರ್ಮದ ಸಾಮಾನು, ಕಾವೇರಿಯಲ್ಲಿ ಬಿಡಲು ಪಶ್ಚಿಮವಾಹಿನಿಗೆ ಹೊರಟಿದ್ದರು.

ಸೂತಕವಾದರೆ ಸ್ನಾನದಿಂದ ಹೋಗುತ್ತದೆ, ಮೀನಿನ ನಾತ ಹೋಗುವುದಿಲ್ಲ. ಲಕ್ಷ್ಮೀನರಸಿಂಹ ಕೂತೇಬಿಟ್ಟ. ಪೂಜೆ ಮುಗಿದ ಮನೆಯೊಳಗೆ ಕಾಲಿಟ್ಟಂತಾಯಿತು. ಬಹಳ ಹೊತ್ತಿನ ಮೇಲೆ ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡ. ಆಚಾರವಂತರ ಪಕ್ಕ ಕೂತರೇ ಸಾಕು ಎನ್ನಿಸಿತು.

ಹಿನಕಲ್ ಗೇಟಿನಲ್ಲಿ ಬಸ್ಸು ನಿಂತಿತು. ಅಲ್ಲಿ ಕಾಯುತ್ತಿದ್ದ ಗಾರ್ಡು ಮರಿಸ್ವಾಮಿಗೆ ಸನ್ನೆ ಮಾಡಿ, ಲಕ್ಷ್ಮೀನರಸಿಂಹ ಬೆಟ್ಟಮ್ಮನ ಬುಟ್ಟಿಯನ್ನು ಕೆಳಗಿಳಿಸಿ ರಸ್ತೆಯ ಮೇಲೆ ಸುರುವಿದ. ಮೊಣಕೈವರೆಗೂ ಕೈ ಹಾಕಿ ಕೆದಕಿದ. ಬೆರಳಿಗೆಲ್ಲ ಜಿಡ್ಡು ಮೆತ್ತಿತು. ಮೀನಿನ ಕೆಳಗೆ ಮೀನು, ಅದರ ಕೆಳಗೂ ಮೀನು.

ಬೆಟ್ಟಮ್ಮ ಮಣ್ಣಿನಿಂದ ಒಂದೊಂದೇ ಮೀನು ಹೆಕ್ಕತೊಡಗಿದಳು. "ನಾರೋದ್ನೆಲ್ಲ ಕಳ್ತನ ಅಂದ್ಕಂಬುಟ್ರೆ ಎಂಗೆ, ಬುದ್ಧಿ?"

ಅವನು ಬಸ್ಸಿನತ್ತ ತಿರುಗಿದ. ಮೂಟೆ, ಟ್ರಂಕು, ಹಾಸಿಗೆಸುತ್ತು, ಎಲ್ಲವನ್ನೂ ಬಿಚ್ಚಿಸಿದ. ಏನೂ ಸಿಗಲಿಲ್ಲ. ಕೊನೆಗೆ ಮರಿಸ್ವಾಮಿ ಜೋಯಿಸರ ಚೀಲಕ್ಕೆ ಕೈ ಚಾಚಿದ.

"ಅಸ್ಥಿ ಕಣೋ ಅದು, ಮುಟ್ಬೇಡ" ಎಂದು ಲಕ್ಷ್ಮೀನರಸಿಂಹ ಗದರಿದ.

"ಸರ್ಕಾರದ ಕೆಲಸ, ಬೇಕಾದ್ರೆ ನೋಡ್ಲಿ ಬಿಡಿ" ಎಂದರು ಜೋಯಿಸರು. "ಆಮೇಲೆ ತಲೆ ಮೇಲೆ ನೀರು ಹಾಕ್ಕೋಬೇಕಾಗತ್ತೆ, ಅಷ್ಟೆ."

ಮರಿಸ್ವಾಮಿ ಕೈ ಹಿಂದೆಗೆದ. ಲಕ್ಷ್ಮೀನರಸಿಂಹ ಕ್ಷಮೆ ಕೇಳಿದ. "ನಿಮ್ಮಂಥ ಆಚಾರವಂತರಿರೋದ್ರಿಂದಲೇ ನಮ್ಮಂಥವರಿಗೆ ದಾರಿ" ಎಂದು ಹರಸಿ ಜೋಯಿಸರು ಬಸ್ಸಿನಲ್ಲಿ ಮುಂದೆ ಹೋದರು.

ಬಸ್ಸಿನಲ್ಲಿ ಮಾಲೇ ಇರಲಿಲ್ಲವೆಂದು ರೇಂಜರಿಗೆ ಖಡಾಖಂಡಿತವಾಗಿ ಹೇಳಿ, ಲಕ್ಷ್ಮೀನರಸಿಂಹ ಮನೆ ಸೇರಿದ. ತಾಯಿ ವೇದವತಿ ಹೊಸ್ತಿಲಲ್ಲೇ ತಡೆದರು. "ಏನೋ ಇದು ನಾತ? ಹಿತ್ತಲಿಗೆ ಹೋಗು ಮೊದಲು." ಸೀಗೆಪುಡಿ ಹಾಕಿ ಉಜ್ಜಿದರೂ ಬೆರಳಿನ ಮೀನು ಹೋಗಲಿಲ್ಲ. ಒದ್ದೆ ತಲೆಯಲ್ಲೇ ದೇವರಮನೆಯ ಬಾಗಿಲಿಗೆ ಬಂದು, ಬೆಳಗಿನಿಂದ ನಡೆದದ್ದನ್ನೆಲ್ಲ ತಾಯಿಗೆ ಹೇಳಿದ.

ಅವರು ಕೇಳುತ್ತಾ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದರು. ಅವನು ಉಸಿರೆಳೆದುಕೊಂಡ. ಬಸ್ಸಿನ ಹಿಂದಿನ ಸೀಟಿನಲ್ಲಿ ಎದೆ ತುಂಬಿಕೊಂಡದ್ದು ಇದೇ ವಾಸನೆ.

"ಪಾಪ, ಆ ಜೋಯಿಸರು" ಎಂದರು ವೇದವತಿ, ಕೊರಡು ತಿರುಗಿಸುತ್ತಾ. "ಸೂತಕ ಕಳೆಯೋವರೆಗೂ ಅವರ ಮನೇಲಿ ಯಾರೂ ಗಂಧ ಮುಟ್ಟೋ ಹಾಗಿಲ್ಲ."