ಕುರ್ಚಿ ಹೇಳಿದ ಸಾಕ್ಷಿ

ಸಾಕ್ಷಿ ಕಟಕಟೆಯಲ್ಲಿ ತಂದಿಟ್ಟ ಹಳೆಯ ಸಾಗುವಾನಿ ಕುರ್ಚಿಯನ್ನು ಕೋರ್ಟಿನ ಜವಾನ ಚೆನ್ನಾಗಿ ಒರೆಸಿದ. ಧೂಳಿದ್ದರೆ ಮರದ ಸಾಕ್ಷಿಗಳು ಹೇಳಿಕೆಯ ನಡುವೆ ಕೆಮ್ಮುತ್ತವೆ.

ಎದುರಿಗೆ ಆರೋಪಿ, ಸರ್ವೇಯರ್ ಚನ್ನವೀರಪ್ಪ, ಕಂಬಿ ಹಿಡಿದು ನಿಂತಿದ್ದರು. ಮನೆಯ ಜಾಗ ಅಳೆಸಲು ಬಂದಿದ್ದ ಮಾಬೂಬಿ, ಪೊಲೀಸರು ಪುಡಿ ಹಚ್ಚಿಕೊಟ್ಟ ನೋಟುಗಳನ್ನೇ ಅವರಿಗೆ ಕೊಟ್ಟಿದ್ದಳು. ಅವರ ಬೆರಳು ತೊಳೆದ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದು ಹಣ ಮುಟ್ಟಿದ್ದಕ್ಕೆ ಸಾಕ್ಷಿ. ಬಾಯಿಬಿಟ್ಟು ಲಂಚ ಕೇಳಿದ್ದಕ್ಕೆ, ಮಾಬೂಬಿಯನ್ನು ಬಿಟ್ಟರೆ, ಅವರ ಕಚೇರಿಯ ಈ ಕುರ್ಚಿಯೊಂದೇ ಸಾಕ್ಷಿ.

"ಆರೋಪಿಯ ಪರಿಚಯ ಇದೆಯಾ?" ಸರ್ಕಾರಿ ವಕೀಲರು ಕೇಳಿದರು.

"ಇದೆ ಸ್ವಾಮಿ. ನನ್ನ ಕಾಲು ಮುರಿದಾಗ ಗುಜರಿಗೆ ಹಾಕಿ ಅಂದ್ರು ಎಲ್ಲರೂ. ಇವರು ಬಡಗಿನ ಕರೆಸಿ, ಸ್ವಂತ ದುಡ್ಡಲ್ಲಿ ಸರಿ ಮಾಡಿಸಿದ್ರು."

"ಮಾಬೂಬಿ ಹತ್ತಿರ ಲಂಚ ಕೇಳಿದರಾ?"

ಕುರ್ಚಿಯ ರಿಪೇರಿಯಾದ ಕಾಲು ಕಿರುಗುಟ್ಟಿತು. ಚನ್ನವೀರಪ್ಪ ಅದರ ಕಡೆ ನೋಡಲಾರದೆ ತಲೆ ತಗ್ಗಿಸಿದರು.

"ಕೇಳಿದ್ರು," ಎಂದಿತು ಕುರ್ಚಿ. "ಆ ಅಮ್ಮ ಅಳ್ತಾ ಇದ್ರು. ಆದ್ರೂ ಕೇಳಿದ್ರು."

ನ್ಯಾಯಾಧೀಶರು ಬರೆದುಕೊಂಡರು. "ಇನ್ನೇನಾದರೂ ಹೇಳುವುದಿದೆಯೇ?"

"ಅವರಿಗೆ ಮಂಡಿನೋವು ಸ್ವಾಮಿ, ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ. ತೀರ್ಪು ಓದೋವರೆಗಾದ್ರೂ ನನ್ನ ಮೇಲೆ ಕೂತ್ಕೊಳ್ಳಲಿ."