ಕಪಾಟಿನೊಳಗೆ ಮೂರು ಪುಟ

ಕುಕ್ಕರ್ ಆರಿಸಿ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕಪಾಟಿನ ರಜಾಯಿಗಳ ನಡುವೆ ತಲೆ ತೂರಿಸಿ ತಸ್ನೀಮ್ ರೆಕಾರ್ಡಿಂಗ್ ಗುಂಡಿ ಒತ್ತಿದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲೊಂದು ಮೂಡಿತು: ಆಡಿಯೋ ಸಾಧನ ಸಿಗುತ್ತಿಲ್ಲ. ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಅಂಗೈಯಗಲದ ಪೆಟ್ಟಿಗೆ ಎದುರಿಗೇ ಇತ್ತು, ಅದರ ಹಸಿರು ದೀಪವೂ ಉರಿಯುತ್ತಿತ್ತು. ಇನ್ನೊಮ್ಮೆ ಒತ್ತಿದಳು. ಅದೇ ಸಾಲು.

ಗಂಟೆ ಹನ್ನೊಂದೂವರೆ. ಕಣ್ಣು ಕಾಣದವರಿಗಾಗಿ ಕನ್ನಡ ಪುಸ್ತಕಗಳನ್ನು ಓದಿಸುವ ಟ್ರಸ್ಟೊಂದು ಓದುಗರನ್ನು ಆರಿಸುತ್ತಿತ್ತು. ಮೂರು ಪುಟ ಓದಿ ಇವತ್ತು ಮಧ್ಯಾಹ್ನ ಒಂದರೊಳಗೆ ಕಳಿಸಬೇಕು. ಓದುವಾಗ ಹೆಸರು ಹೇಳಬಾರದು. ತಸ್ನೀಮ್ ಮನಸೋತದ್ದು ಈ ಎರಡನೆಯ ಷರತ್ತಿಗೇ. ತಣಿಸಂದ್ರದ ಉರ್ದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು ಅವಳು. ಆದರೂ ಮೊದಲು ಹೆಸರು ಕೇಳಿ ಆಮೇಲೆ ಮಾತು ಕೇಳಿದವರೆಲ್ಲ, "ಪರವಾಗಿಲ್ವೇ, ಚೆನ್ನಾಗಿ ಮಾತಾಡ್ತೀರಲ್ಲ" ಎಂದವರೇ. ಒಮ್ಮೆಯಾದರೂ ಬರೀ ದನಿಯಾಗಿ ಹೋಗಿ ನಿಲ್ಲಬೇಕೆಂಬ ಆಸೆ ಅವಳಿಗೆ.

"ಏನಾಯ್ತು?" ಎನ್ನುತ್ತ ಬನಿಯನ್ನಿನಲ್ಲೇ ಬಂದ ಗಂಡ ಮುಜಫ್ಫರ್. ಶುಕ್ರವಾರ ಅವನ ಹಾರ್ಡ್‌ವೇರ್ ಅಂಗಡಿ ತೆರೆಯುವುದು ಮಧ್ಯಾಹ್ನದ ನಮಾಜು ಮುಗಿದ ಮೇಲೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಗಡ್ಡದ ಟ್ರಿಮ್ಮರ್.

"ಈ ಪೆಟ್ಟಿಗೆ ಲ್ಯಾಪ್‌ಟಾಪಿಗೆ ಕಾಣ್ತಾನೇ ಇಲ್ವಂತೆ."

"ದೀಪ ಉರೀತಿದೆಯಲ್ಲ? ಹಂಗಾದ್ರೆ ಮಾಲು ಚೆನ್ನಾಗಿದೆ. ಸರಿ ಆ ಕಡೆ. ದಿನಕ್ಕೆ ಎಷ್ಟು ಮೋಟ್ರು ನೋಡ್ತೀನಿ ನಾನು."

"ಇದು ಬೋರ್‌ವೆಲ್ ಮೋಟ್ರಲ್ಲ ರೀ."

"ಎಲ್ಲಾ ಒಂದೇ ಕಣೇ," ಎಂದು ಸ್ಟೂಲಿನ ಮೇಲೆ ಕೂತೇಬಿಟ್ಟ. ನಾಗಸಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅವಳ ತಂಗಿಯ ಮಗ ಜೀಷಾನ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ವಿಂಡೋಸ್ ಅಪ್‌ಡೇಟ್ ಆಗಿರುತ್ತೆ ಖಾಲು, ಡ್ರೈವರ್ ಹಾರೋಗಿದೆ," ಎಂದ ಜೀಷಾನ್ ದೊಡ್ಡಪ್ಪನಿಗೆ. "ಆ ಸಾಫ್ಟ್‌ವೇರ್ ಇಲ್ದಿದ್ರೆ ಪೆಟ್ಟಿಗೆ ಜೊತೆ ಹೆಂಗ್ ಮಾತಾಡ್ಬೇಕು ಅಂತ ಲ್ಯಾಪ್‌ಟಾಪಿಗೆ ಗೊತ್ತಾಗಲ್ಲ. ಹಳೇದು ಕಿತ್ತಾಕಿ ಹೊಸದು ಹಾಕಿ. ಆಮೇಲೆ ರೀಸ್ಟಾರ್ಟ್."

ಮುಜಫ್ಫರ್ ಹಳೆಯದನ್ನು ಕಿತ್ತ, ಹೊಸದನ್ನು ಇಳಿಸಿದ, ರೀಸ್ಟಾರ್ಟ್ ಮಾಡಿದ. ಪೆಟ್ಟಿಗೆಯ ಹೆಸರು ಬರಲಿಲ್ಲ. ಮತ್ತೆ ಕಿತ್ತ, ಮತ್ತೆ ಹಾಕಿದ. ಹನ್ನೆರಡು ದಾಟಿತು. ಹಿಂದೆ ನಿಂತ ತಸ್ನೀಮ್ ಕೈಯಲ್ಲಿದ್ದ ಪುಟಗಳ ಅಂಚು ಬೆವರಿಗೆ ಮೆತ್ತಗಾಗಿತ್ತು.

"ವೈರ್ ಗಟ್ಟಿಯಾಗಿದ್ಯಾ ಖಾಲು?"

"ಅಚ್ಚು ಹೊಯ್ದಂಗೆ ಕೂತಿದೆ."

"ಹಂಗಾದ್ರೆ ನಾನೇ ನೋಡ್ಬೇಕು. ಭಾನುವಾರ ಬರ್ತೀನಿ ಖಾಲಾ."

"ಬಾ, ಬಿರಿಯಾನಿ ತಿನ್ನೋಕೆ," ಎಂದಳು ತಸ್ನೀಮ್.

ಮೂರನೆಯ ರೀಸ್ಟಾರ್ಟ್ ಕೊಟ್ಟು ಮುಜಫ್ಫರ್ ಗಡ್ಡ ಸರಿಮಾಡಿಕೊಳ್ಳಲು ಹೋದ. ಎಡಗೆನ್ನೆ ಮುಗಿಯುವ ಹೊತ್ತಿಗೆ ಟ್ರಿಮ್ಮರ್ ಗೊರಗುಟ್ಟಿ ನಿಂತಿತು.

"ತಸ್ನೀಮ್, ಟ್ರಿಮ್ಮರ್ ವೈರ್ ಎಲ್ಲಿಟ್ಟೆ?"

"ನಿಮ್ಮ ಗಡ್ಡದ ವೈರ್ ನನಗ್ಯಾಕೆ..." ಎನ್ನುತ್ತಿದ್ದವಳ ಕಣ್ಣು ಪೆಟ್ಟಿಗೆಯ ಬೆನ್ನಿಗೆ ಹೋಯಿತು. ಅಲ್ಲಿದ್ದದ್ದು ಗೇಣುದ್ದದ ಬಿಳಿ ವೈರು. ತನ್ನದು ಕಪ್ಪು, ಉದ್ದನೆಯದು. ಮಲಗುವ ಕೋಣೆಗೆ ಹೋಗಿ ನೋಡಿದರೆ ಅದು ಮಂಚದ ಪಕ್ಕದಲ್ಲಿ ಮುಜಫ್ಫರನ ಇನ್ನೊಂದು ಫೋನಿಗೆ ಆತುಕೊಂಡಿತ್ತು. ರಾತ್ರಿ ಮಲಗಿಕೊಂಡೇ ಫೋನ್ ನೋಡಲು ಉದ್ದದ್ದು ಬೇಕಾಗಿದೆ, ಪೆಟ್ಟಿಗೆಯಿಂದ ಕಪ್ಪು ವೈರು ಕಿತ್ತು ಅಲ್ಲಿಗೆ ಟ್ರಿಮ್ಮರಿನ ಬಿಳಿಯದನ್ನು ಸಿಕ್ಕಿಸಿದ್ದಾನೆ. ತಿರುಪಿನ ಅಳತೆ ಕೂತರೆ ನಟ್ಟು ಸರಿ ಎನ್ನುವವನಿಗೆ ಇದು ನೆನಪಿಡುವಷ್ಟು ದೊಡ್ಡ ವಿಷಯವೂ ಅಲ್ಲ. ಕಳೆದ ತಿಂಗಳು ಅಣ್ಣನ ಮಗಳು ಸುಮೈರಾಳ ಮದುವೆಯ ಫೋಟೋಗಳನ್ನು ಫೋನಿನಿಂದ ಲ್ಯಾಪ್‌ಟಾಪಿಗೆ ಇಳಿಸಲು ತಸ್ನೀಮ್ ಇದೇ ಬಿಳಿ ವೈರು ಹಾಕಿ ಅರ್ಧ ದಿನ ಒದ್ದಾಡಿದ್ದಳು. ಫೋನ್ ಚಾರ್ಜ್ ಆಗಿತ್ತು, ಒಂದು ಫೋಟೋವೂ ದಾಟಿರಲಿಲ್ಲ. ಕರೆಂಟು ಹರಿಸುವುದಷ್ಟೇ ಅದಕ್ಕೆ ಗೊತ್ತು.

ಕಪ್ಪು ವೈರು ಸಿಕ್ಕಿಸಿದಳು. ಟಿಣ್ ಎಂದಿತು ಲ್ಯಾಪ್‌ಟಾಪ್. ಪೆಟ್ಟಿಗೆಯ ಹೆಸರು ಪರದೆಯ ಮೇಲೆ ಬಂದು ಕೂತಿತು.

ಸದ್ದು ಕೇಳಿ ಓಡಿಬಂದ ಮುಜಫ್ಫರನ ಒಂದು ಕೆನ್ನೆ ನೀಟಾಗಿತ್ತು, ಇನ್ನೊಂದು ಪೊದೆ. "ಬಂತಾ? ನಾನ್ ಹೇಳ್ಲಿಲ್ವಾ, ಮೂರನೇ ಸಲಕ್ಕೆ ಡ್ರೈವರ್ ಸರಿಯಾಗಿ ಕೂತ್ಕೊಳ್ತು."

ತಸ್ನೀಮ್ ಬಾಯಿ ತೆರೆದಳು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. "ತಗೊಳ್ಳಿ ನಿಮ್ಮ ವೈರು, ಇಲ್ಲೇ ಇತ್ತು," ಎಂದಳು. "ಇನ್ನು ಹತ್ತು ನಿಮಿಷ ಆ ಟ್ರಿಮ್ಮರ್ ಸದ್ದು ಕೇಳ್ಬಾರ್ದು."

"ನಮಾಜಿಗೆ ಲೇಟಾಗುತ್ತೆ ಕಣೇ."

"ಹಂಗೇ ಹೋಗಿ. ಮಸೀದೀಲಿ ಎಡಗಡೆ ಕೂತವರಿಗೆ ಚೆನ್ನಾಗೇ ಕಾಣ್ತೀರ."

ಅವನು ಅರ್ಧ ಗಡ್ಡ ಹೊತ್ತು ಮಂಚದ ತುದಿಯಲ್ಲಿ ಉಸಿರು ಬಿಗಿಹಿಡಿದು ಕೂತ. ಅವಳು ರಜಾಯಿಗಳ ನಡುವೆ ತಲೆಯಿಟ್ಟು ಮೂರು ಪುಟವನ್ನೂ ಒಂದೇ ಓಟದಲ್ಲಿ ಓದಿದಳು. ಎಲ್ಲಿಯೂ ತಡವರಿಸಲಿಲ್ಲ. ಒಂದಕ್ಕೆ ಹತ್ತು ನಿಮಿಷವಿರುವಾಗ ಕಡತ ಹೋಯಿತು. ಹೋದದ್ದೇ ತಡ, ಪರದೆಯಲ್ಲಿ ಟ್ರಸ್ಟಿನ ಚಿಕ್ಕ ಅರ್ಜಿಯೊಂದು ತೆರೆದುಕೊಂಡಿತು. ಕೊನೆಯ ಪ್ರಶ್ನೆ: ಧ್ವನಿಮುದ್ರಣದ ಯಂತ್ರ ಕೈಕೊಟ್ಟರೆ ಸರಿಪಡಿಸುವವರು ಯಾರು? ಕೆಳಗೆ ಮೂರು ಚೌಕ. ನಾನೇ. ಮನೆಯವರು. ಹೊರಗಿನವರು.

ಅಭ್ಯಾಸಬಲದಿಂದ ಅವಳ ಬೆರಳು ನಡುವಿನ ಚೌಕದತ್ತ ಸರಿಯಿತು. ಅಷ್ಟರಲ್ಲಿ ಮುಜಫ್ಫರ್ ಅಂಗಿ ತೊಟ್ಟು ನಮಾಜಿಗೆಂದು ಕೆಳಗಿಳಿದಿದ್ದ. ಕೆಳಗೆ ಗೇಟಿನ ಬಳಿ ಮನೆ ಮಾಲೀಕ ಮುನಿಶಾಮಪ್ಪನ ದನಿ ಕೇಳಿಸಿತು. "ಏನ್ ಭಾಯ್, ಇವತ್ತು ಇಷ್ಟ್ ಲೇಟು?"

"ನಮ್ಮನೆಯವಳ ಮಿಷನ್ ಕೈಕೊಟ್ಟಿತ್ತು ಗೌಡ್ರೆ. ಡ್ರೈವರ್ ಹಾಕಿ ಸರಿಮಾಡ್ಕೊಟ್ಟು ಬಂದೆ. ಅವಳಿಗೆ ಇವೆಲ್ಲ ಎಲ್ಲಿ ಗೊತ್ತಾಗುತ್ತೆ, ಪಾಪ."

"ಔದಾ? ಅಂಗಾರೆ ನಮ್ ಟಿವೀನೂ ವಸಿ ನೋಡಿ ಭಾಯ್."

ಮುಜಫ್ಫರನ ನಗು ಮೆಟ್ಟಿಲು ಹತ್ತಿ ಬಂತು. ಅಷ್ಟು ಖುಷಿಯನ್ನು ಅವನಿಂದ ಕಿತ್ತುಕೊಳ್ಳುವುದು ಯಾಕೆ ಎಂದುಕೊಂಡ ತಸ್ನೀಮ್, ಬೆರಳನ್ನು ಒಂದು ಚೌಕ ಮೇಲಕ್ಕೆ ಸರಿಸಿ 'ನಾನೇ' ಎಂಬುದನ್ನು ಒತ್ತಿದಳು.